ಮಕ್ಕಳ ಎರಡು ಸೀಟು ಹಿಡಿಸುವ ಸೆಕೆಂಡ್ ಹ್ಯಾಂಡ್ ಕಾರು: ಆಯ್ಕೆ ಮಾಡುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಸಾಮಾನ್ಯವಾಗಿ ಮೊದಲು ಬಾನೆಟ್ ಎತ್ತಿಸುತ್ತಾರೆ, ಆಮೇಲೆ ಸ್ಟೀರಿಂಗ್ ಹಿಂದೆ ಕೂತು ಎಷ್ಟು ಕಿಲೋಮೀಟರ್ ಓಡಿದೆ ಎಂದು ನೋಡುತ್ತಾರೆ, ಒಂದು ಸುತ್ತು ಓಡಿಸಿ ಬಂದು ಬೆಲೆಯ ಮಾತಿಗೆ ಇಳಿಯುತ್ತಾರೆ. ಹಿಂದಿನ ಬಾಗಿಲು ತೆರೆದು ಐದು ನಿಮಿಷ ಅಲ್ಲಿ ಕೂರುವವರು ಬಹಳ ಕಡಿಮೆ. ಮನೆಯಲ್ಲಿ ಎಂಟು ತಿಂಗಳ ಕೂಸು ಮತ್ತು ನಾಲ್ಕು ವರ್ಷದ ಮಗು ಇದ್ದರೆ ಈ ಕ್ರಮವನ್ನು ತಿರುಗಿಸಬೇಕಾಗುತ್ತದೆ. ಎಂಜಿನ್ ಕೆಟ್ಟರೆ ರಿಪೇರಿ ಮಾಡಿಸಬಹುದು, ಟೈರು ಸವೆದಿದ್ದರೆ ಬದಲಿಸಬಹುದು, ಆದರೆ ಹಿಂದಿನ ಸೀಟಿನ ಅಗಲವನ್ನಾಗಲಿ ಮಕ್ಕಳ ಸೀಟು ಸಿಕ್ಕಿಸುವ ಲೋಹದ ಕೊಂಡಿಗಳನ್ನಾಗಲಿ ಸಾಮಾನ್ಯ ಗ್ಯಾರೇಜಿನಲ್ಲಿ ಹೊಸದಾಗಿ ಮಾಡಿಸಲಾಗುವುದಿಲ್ಲ.

ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ನಮ್ಮಲ್ಲಿ ಇನ್ನೂ ರೂಢಿಯಲ್ಲಿದೆ. ಗಂಟೆಗೆ 50 ಕಿ.ಮೀ. ವೇಗದ ಕಾರು ಡಿಕ್ಕಿಯಾಗಿ ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಎಂದಿಟ್ಟುಕೊಳ್ಳಿ, ಒಂಬತ್ತು ಕೆ.ಜಿ. ತೂಕದ ಕೂಸು ಆ ಕ್ಷಣದಲ್ಲಿ ನೂರು ಕೆ.ಜಿ.ಗೂ ಮೀರಿದ ಭಾರವಾಗಿ ತಾಯಿಯ ಕೈಯನ್ನು ಎಳೆಯುತ್ತದೆ. ಎಷ್ಟೇ ಗಟ್ಟಿಯಾಗಿ ಅಪ್ಪಿಕೊಂಡಿದ್ದರೂ ಆ ಭಾರವನ್ನು ಯಾರ ಕೈಯೂ ತಡೆಯಲಾರದು. ಕಾನೂನು ಕೂಡ ಈಗ ಸ್ಪಷ್ಟವಾಗಿದೆ: 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆ ಇಲ್ಲದೆ ಕಾರು ಓಡಿಸಿದವರಿಗೆ 1,000 ರೂಪಾಯಿ ದಂಡವಿದೆ.

ಮೊದಲು ಸೀಟು, ಆಮೇಲೆ ಕಾರು

ಕಾರು ಹುಡುಕುವ ಮುನ್ನವೇ ಮಕ್ಕಳ ಸೀಟುಗಳನ್ನು ನಿರ್ಧರಿಸಿಕೊಳ್ಳಿ, ಸಾಧ್ಯವಾದರೆ ಕೊಂಡೇ ಬಿಡಿ. ಕೂಸಿಗೆ ಹಿಮ್ಮುಖವಾಗಿ, ಅಂದರೆ ಕಾರಿನ ಹಿಂಭಾಗಕ್ಕೆ ಮುಖ ಮಾಡಿ ಕೂರುವ ಸೀಟು ಬೇಕು. ವಿಶ್ವಸಂಸ್ಥೆಯ ಆರ್129 ನಿಯಮ ಕನಿಷ್ಠ 15 ತಿಂಗಳವರೆಗೆ ಮಗು ಹೀಗೆಯೇ ಕೂರಬೇಕು ಎನ್ನುತ್ತದೆ. ಸೀಟಿನ ಮಿತಿ ಒಪ್ಪುವವರೆಗೆ ಅದಕ್ಕಿಂತ ಹೆಚ್ಚು ಕಾಲ ಕೂರಿಸುವುದು ಇನ್ನೂ ಒಳ್ಳೆಯದು. ಕಾರಣ ಸರಳ: ಕೂಸಿನ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಕುತ್ತಿಗೆ ಎಳಸು. ಹಿಮ್ಮುಖ ಸೀಟಿನಲ್ಲಿ ಹೊಡೆತದ ಬಲ ಬೆನ್ನಿನುದ್ದಕ್ಕೂ ಹಂಚಿಹೋಗುತ್ತದೆ. ನಾಲ್ಕು ವರ್ಷದ ಮಗುವಿಗೆ ಐದು ಕಡೆಯಿಂದ ಬಿಗಿಯುವ ಪಟ್ಟಿಗಳಿರುವ ಮುಮ್ಮುಖ ಸೀಟು ಸಾಕು, ಮುಂದೆ ಅದೇ ಮಗು ಬೂಸ್ಟರ್‌ಗೆ, ಅಂದರೆ ಕಾರಿನ ಬೆಲ್ಟ್ ಸರಿಯಾಗಿ ಕೂರುವಂತೆ ಮಗುವನ್ನು ಎತ್ತರಿಸುವ ಸೀಟಿಗೆ ಬದಲಾಗುತ್ತದೆ.

ಸೀಟು ಕೈಗೆ ಬಂದ ಮೇಲೆ ಒಂದು ಟೇಪ್ ತೆಗೆದುಕೊಂಡು ಅದರ ಅತಿ ಅಗಲವಾದ ಭಾಗವನ್ನು ಅಳೆಯಿರಿ. ಸುಮಾರು 44 ಸೆಂ.ಮೀ. ಅಗಲದ ಸೀಟುಗಳು ಸಾಮಾನ್ಯ. ಅಂಥ ಎರಡು ಸೀಟು ಅಕ್ಕಪಕ್ಕದ ಬಾಗಿಲುಗಳ ಬಳಿ ಕೂತರೆ 88 ಸೆಂ.ಮೀ. ಹೋಯಿತು; ಉಳಿದದ್ದು ಎಷ್ಟು ಎಂಬುದೇ ಮುಂದಿನ ಎಲ್ಲ ಲೆಕ್ಕಕ್ಕೂ ಆಧಾರ.

ಪಟ್ಟಿ ಮಾಡುವಾಗ ನೋಡಬೇಕಾದದ್ದು

ಐಸೊಫಿಕ್ಸ್ ಎಂಬ ಪದ ಜಾಹೀರಾತುಗಳಲ್ಲಿ ಕಾಣಿಸುತ್ತದೆ. ಹಿಂದಿನ ಸೀಟಿನ ಬೆನ್ನು ಮತ್ತು ತಳ ಸೇರುವ ಸಂದಿಯಲ್ಲಿ, ಕಾರಿನ ಚಾಸಿಗೇ ಬೆಸೆದ ಎರಡು ಲೋಹದ ಕೊಂಡಿಗಳು 280 ಮಿ.ಮೀ. ಅಂತರದಲ್ಲಿ ಇರುತ್ತವೆ. ಮಕ್ಕಳ ಸೀಟಿನ ಎರಡು ಕೈಗಳು ಟಕ್ ಎಂದು ಅವಕ್ಕೆ ಕಚ್ಚಿಕೊಳ್ಳುತ್ತವೆ. ಸೀಟು ಮೇಲ್ಭಾಗದಲ್ಲಿ ಮುಂದಕ್ಕೆ ವಾಲದಂತೆ ಹಿಡಿಯಲು ಟಾಪ್ ಟೆದರ್ ಎಂಬ ಮೂರನೇ ಪಟ್ಟಿ ಅಥವಾ ನೆಲಕ್ಕೆ ಊರುವ ಕಾಲು ಇರುತ್ತದೆ. ಬೆಲ್ಟಿನಿಂದಲೂ ಮಕ್ಕಳ ಸೀಟನ್ನು ಸುರಕ್ಷಿತವಾಗಿ ಕಟ್ಟಬಹುದು, ಆದರೆ ಕಟ್ಟುವಾಗ ತಪ್ಪಾಗುವ ಸಂಭವ ಹೆಚ್ಚು. ಆದ್ದರಿಂದ ಎರಡೂ ಬದಿಯಲ್ಲಿ ಐಸೊಫಿಕ್ಸ್ ಇರುವ ಕಾರನ್ನೇ ಹುಡುಕಿ. ಒಂದೇ ಮಾಡೆಲ್‌ನಲ್ಲೂ ವರ್ಷದಿಂದ ವರ್ಷಕ್ಕೆ, ವೇರಿಯಂಟಿನಿಂದ ವೇರಿಯಂಟಿಗೆ ಇದು ಬದಲಾಗುವುದರಿಂದ ಮಾರುವವರ ಮಾತಿಗಿಂತ ನಿಮ್ಮ ಬೆರಳನ್ನು ನಂಬಿ, ಸಂದಿಯೊಳಗೆ ಕೈ ಹಾಕಿ ಕೊಂಡಿಯನ್ನು ಮುಟ್ಟಿ ನೋಡಿ.

ಏರ್‌ಬ್ಯಾಗ್ ವಿಷಯದಲ್ಲಿ ತಯಾರಿಯ ವರ್ಷ ಮುಖ್ಯ. ಚಾಲಕನ ಏರ್‌ಬ್ಯಾಗ್ 2019ರ ಜುಲೈ 1ರಿಂದ ಕಡ್ಡಾಯವಾಯಿತು. ಅದಕ್ಕಿಂತ ಹಳೆಯ ಕಾರಿನ ಕಡಿಮೆ ಬೆಲೆಯ ವೇರಿಯಂಟಿನಲ್ಲಿ ಒಂದೂ ಇಲ್ಲದಿರಬಹುದು. ಡಿಕ್ಕಿ ಪರೀಕ್ಷೆಯ ಸ್ಟಾರ್‌ಗಳನ್ನು ಓದುವಾಗ ದೊಡ್ಡವರಿಗೆ ಕೊಟ್ಟದ್ದು ಬೇರೆ, ಮಕ್ಕಳಿಗೆ ಕೊಟ್ಟದ್ದು ಬೇರೆ ಎಂಬುದನ್ನು ಮರೆಯಬಾರದು. ಕಾರುಗಳನ್ನು ಡಿಕ್ಕಿ ಹೊಡೆಸಿ ಐದರವರೆಗೆ ಸ್ಟಾರ್ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಗ್ಲೋಬಲ್ ಎನ್‌ಸಿಎಪಿಯ ಪರೀಕ್ಷೆಯಲ್ಲಿ 2018ರಲ್ಲಿ ಟಾಟಾ ನೆಕ್ಸಾನ್ ದೊಡ್ಡವರ ರಕ್ಷಣೆಗೆ ಐದು ಸ್ಟಾರ್ ಪಡೆದರೂ ಮಕ್ಕಳ ರಕ್ಷಣೆಗೆ ಮೂರು ಪಡೆಯಿತು. 2020ರಲ್ಲಿ ಮಹೀಂದ್ರ ಎಕ್ಸ್‌ಯುವಿ300 ಐದು ಮತ್ತು ನಾಲ್ಕು ಪಡೆಯಿತು. ಮೂರು ಸಾಲಿನ ಮಾರುತಿ ಎರ್ಟಿಗಾ 2019ರಲ್ಲಿ ಎರಡಕ್ಕೂ ಮೂರು ಸ್ಟಾರ್ ಪಡೆಯಿತು. ನಮ್ಮದೇ ಆದ ಭಾರತ್ ಎನ್‌ಸಿಎಪಿ 2023ರ ಅಕ್ಟೋಬರ್ 1ರಿಂದ ಜಾರಿಯಾದದ್ದರಿಂದ ಹಳೆಯ ಕಾರುಗಳಿಗೆ ಗ್ಲೋಬಲ್ ಎನ್‌ಸಿಎಪಿಯ ಫಲಿತಾಂಶವನ್ನೇ ನೋಡಬೇಕಾಗುತ್ತದೆ.

ಸೀಟುಗಳನ್ನು ಹೊತ್ತುಕೊಂಡೇ ಹೋಗಿ

ಮಾರುವವರು ಅಚ್ಚರಿಯಿಂದ ನೋಡಿದರೂ ಪರವಾಗಿಲ್ಲ, ಎರಡು ಸೀಟುಗಳನ್ನೂ ಜೊತೆಗೆ ಒಯ್ಯಿರಿ. ಕಾರಿನ ಬಳಿ ಮೊದಲು ಎದುರಾಗುವ ತೊಡಕು ಸೀಟ್ ಕವರ್. ನಮ್ಮಲ್ಲಿ ಶೋರೂಮಿನಿಂದ ಕಾರು ಹೊರಬಂದ ವಾರದಲ್ಲೇ ರೆಕ್ಸಿನ್ ಕವರ್ ಹೊಲಿಸಿ ಹಾಕಿಸುವುದು ವಾಡಿಕೆ. ಹಾಗೆ ಹಾಕಿಸುವಾಗ ಐಸೊಫಿಕ್ಸ್ ಸಂದಿಗಳು ಮುಚ್ಚಿಹೋಗುತ್ತವೆ. ನಾನು ನೋಡಿದ ಒಂದು ಕಾರಿನಲ್ಲಿ ಕಂದು ಬಣ್ಣದ ಕವರ್ ಸಂದಿಯ ಆಳದವರೆಗೂ ಬಿಗಿದು ಕೂತಿತ್ತು. ಮಾಲೀಕರಿಗೆ ತಮ್ಮ ಕಾರಿನಲ್ಲಿ ಕೊಂಡಿ ಇದೆ ಎಂಬುದೇ ಐದು ವರ್ಷದಿಂದ ಗೊತ್ತಿರಲಿಲ್ಲ. ಹುಕ್ಕು ಬಿಚ್ಚಿ, ಕವರ್ ಮೇಲೆತ್ತಿದಾಗ ಐಸೊಫಿಕ್ಸ್ ಎಂದು ಬರೆದ ಸಣ್ಣ ಬಟ್ಟೆಯ ಗುರುತು ಹೊಚ್ಚ ಹೊಸದರಂತೆ ಇತ್ತು. ಮುಂದಿನ ಸೀಟಿನ ಪಕ್ಕೆಯಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಇಂಥ ಕವರ್ ಅದು ಬಿಚ್ಚಿಕೊಳ್ಳುವುದಕ್ಕೂ ಅಡ್ಡಿ, ಹಾಗಾಗಿ ಕೊಂಡ ಮೇಲೆ ಅದನ್ನು ತೆಗೆಸಲೇಬೇಕು.

ಹಿಮ್ಮುಖ ಸೀಟನ್ನು ಮುಂದಿನ ಪ್ರಯಾಣಿಕರ ಹಿಂದೆ, ಅಂದರೆ ಎಡಬದಿಗೆ ಕೂರಿಸಿ. ಫುಟ್‌ಪಾತ್ ಕಡೆಯಿಂದ ಕೂಸನ್ನು ಎತ್ತಿ ಇಳಿಸಬಹುದು. ಕೂರಿಸಿದ ಮೇಲೆ ಮುಂದಿನ ಸೀಟನ್ನು ಎಷ್ಟು ಮುಂದಕ್ಕೆ ತಳ್ಳಬೇಕಾಯಿತು ಎಂದು ನೋಡಿ, ಅಲ್ಲಿ ಕೂರುವವರನ್ನೇ ಕೂರಿಸಿ. ಸಣ್ಣ ಹ್ಯಾಚ್‌ಬ್ಯಾಕ್‌ಗಳಲ್ಲಿ ಅವರ ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗುವುದು ಇಲ್ಲಿಯೇ. ಜಾಗ ಸಾಲದೆಂದು ಹಿಮ್ಮುಖ ಸೀಟನ್ನು ಮುಂದಿನ ಸೀಟಿನ ಮೇಲೆ ಇಡುವ ಯೋಚನೆಯನ್ನು ಕೈಬಿಡಿ. ಅಲ್ಲಿ ಏರ್‌ಬ್ಯಾಗ್ ಸಿಡಿದರೆ ಅದರ ಪೂರ್ತಿ ಹೊಡೆತ ಕೂಸಿನ ತಲೆಯ ಹಿಂದಿರುವ ಸೀಟಿನ ಬೆನ್ನಿಗೇ ಬೀಳುತ್ತದೆ, ಅದು ಪ್ರಾಣಕ್ಕೆ ಅಪಾಯ.

ಊರುಗಾಲಿನ ಸೀಟಾದರೆ ಕಾಲು ಗಟ್ಟಿ ನೆಲದ ಮೇಲೆ ಊರಿದೆಯೇ ಎಂದು ಮ್ಯಾಟ್ ಎತ್ತಿ ನೋಡಿ, ಏಕೆಂದರೆ ಕೆಲವು ಕಾರುಗಳಲ್ಲಿ ಆ ಜಾಗದ ಕೆಳಗೆ ಸಾಮಾನಿಡುವ ಪೊಳ್ಳು ಡಬ್ಬ ಇರುತ್ತದೆ. ಟಾಪ್ ಟೆದರ್ ಕೊಂಡಿ ಸೆಡಾನ್‌ನಲ್ಲಿ ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ, ಹ್ಯಾಚ್‌ಬ್ಯಾಕ್‌ನಲ್ಲಿ ಹೆಚ್ಚಾಗಿ ಸೀಟಿನ ಬೆನ್ನ ಹಿಂದೆ ಇರುತ್ತದೆ. ಡಿಕ್ಕಿಯಲ್ಲಿ ಸಾಮಾನು ಕಟ್ಟುವ ಹುಕ್ಕನ್ನು ಅದೆಂದು ತಿಳಿದು ಪಟ್ಟಿ ಸಿಕ್ಕಿಸುವ ತಪ್ಪು ಮಾಡಬೇಡಿ. ಎಲ್ಲ ಬಿಗಿದ ಮೇಲೆ, ಕೊಂಡಿ ಅಥವಾ ಬೆಲ್ಟ್ ಹಾದುಹೋಗುವ ಜಾಗದಲ್ಲಿ ಸೀಟನ್ನು ಹಿಡಿದು ಅಲುಗಾಡಿಸಿ. ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಆಡಿದರೆ ಅದು ಸರಿಯಾಗಿ ಕೂತಿಲ್ಲ.

ಬೆಲ್ಟಿನಿಂದ ಕಟ್ಟುವ ಸೀಟಿನವರು ಇನ್ನೆರಡು ಸಂಗತಿ ಗಮನಿಸಬೇಕು. ಹಿಮ್ಮುಖ ಸೀಟಿನ ಸುತ್ತ ಬೆಲ್ಟ್ ದೊಡ್ಡ ಸುತ್ತು ಹಾಕುವುದರಿಂದ ಕೆಲವು ಹಳೆಯ ಕಾರುಗಳಲ್ಲಿ ಅದು ಬಕಲ್‌ಗೆ ನಾಲ್ಕು ಬೆರಳು ದೂರದಲ್ಲೇ ಮುಗಿದುಬಿಡುತ್ತದೆ. ಇನ್ನು ಬಕಲ್ ಹೊತ್ತ ಪಟ್ಟಿ ತೀರ ಉದ್ದವಾಗಿದ್ದರೆ ಬಕಲ್ ಸೀಟಿನ ಚೌಕಟ್ಟಿನ ಅಂಚಿನ ಮೇಲೆ ಬಂದು ಕೂತು, ಎಷ್ಟು ಎಳೆದರೂ ಬಿಗಿ ನಿಲ್ಲುವುದಿಲ್ಲ. ಹಿಂದಿನ ನಡುವಿನ ಜಾಗದಲ್ಲಿ ಸೊಂಟಕ್ಕೆ ಮಾತ್ರ ಬರುವ ಎರಡು ಬಿಂದುವಿನ ಬೆಲ್ಟ್ ಇದ್ದರೆ ಅಲ್ಲಿ ಬೂಸ್ಟರ್ ಇಡುವಂತಿಲ್ಲ.

ಅಜ್ಜಿ ಎಲ್ಲಿ ಕೂರಬೇಕು?

ನಮ್ಮ ಕುಟುಂಬಗಳಿಗೆ ಇದು ನಿಜವಾದ ಪ್ರಶ್ನೆ. ಊರಿಗೆ ಹೊರಟರೆ ಅಪ್ಪ ಅಮ್ಮನ ಜೊತೆ ಅಜ್ಜಿಯೂ ಇರುತ್ತಾರೆ, ಎರಡು ಸೀಟುಗಳ ನಡುವಿನ ಇಕ್ಕಟ್ಟು ಅವರ ಪಾಲಿಗೆ ಬರುತ್ತದೆ. ಎರಡೂ ಸೀಟು ಕಟ್ಟಿದ ಮೇಲೆ ನಡುವೆ ದೊಡ್ಡವರೊಬ್ಬರನ್ನು ಕೂರಿಸಿ, ಅವರು ತಮ್ಮ ಬೆಲ್ಟನ್ನು ತಾವೇ ಹಾಕಿಕೊಳ್ಳಬಲ್ಲರೇ ಎಂದು ನೋಡಿ. ಬಕಲ್ ಮಕ್ಕಳ ಸೀಟಿನ ಅಡಿಯಲ್ಲಿ ಹೂತುಹೋಗಿದ್ದರೆ ಆ ಜಾಗ ಲೆಕ್ಕಕ್ಕಿಲ್ಲ. ಅಪ್ಪ ಓಡಿಸಿ, ಅಜ್ಜಿ ಮುಂದೆ ಕೂತು, ತೆಳ್ಳಗಿನ ಅಮ್ಮ ನಡುವೆ ಕೂರುವುದು ಹಲವು ಮನೆಗಳಲ್ಲಿ ಕಂಡುಕೊಂಡ ದಾರಿ, ಆದರೆ ಮಂಡಿನೋವಿನ ಅಜ್ಜಿಗೆ ಮುಂದೆ ಕಾಲು ಚಾಚಲು ಜಾಗ ಬೇಕಾದ್ದರಿಂದ ಆಗ ಹಿಮ್ಮುಖ ಸೀಟನ್ನು ಚಾಲಕನ ಹಿಂದೆ ಇಟ್ಟು ನೋಡಬೇಕಾಗುತ್ತದೆ.

ಹಾಗಾದರೆ ಮೂರು ಸಾಲಿನ ಕಾರೇ ಸರಿ ಎಂದು ತೀರ್ಮಾನಿಸುವ ಮುನ್ನ ಒಂದು ಪ್ರಯೋಗ ಮಾಡಿ. ಎರ್ಟಿಗಾ, ಕಿಯಾ ಕಾರೆನ್ಸ್, ಇನ್ನೋವಾ ಯಾವುದೇ ಇರಲಿ, ನಡುಸಾಲಿನಲ್ಲಿ ಮಕ್ಕಳ ಸೀಟು ಕಟ್ಟಿದ ಮೇಲೆ ಆ ಸೀಟನ್ನು ಮಡಚಿ ಹಿಂದಕ್ಕೆ ಹೋಗಲು ಆಗುವುದಿಲ್ಲ. ಎರಡು ಬದಿಯೂ ಕಟ್ಟಿದ್ದರೆ ಮೂರನೇ ಸಾಲಿಗೆ ದಾರಿಯೇ ಮುಚ್ಚಿತು. ನಡುಸಾಲಿನಲ್ಲಿ ಬಿಡಿಬಿಡಿಯಾದ ಎರಡು ಕ್ಯಾಪ್ಟನ್ ಸೀಟು ಇರುವ ಎಕ್ಸ್‌ಎಲ್6ನಂಥ ಕಾರುಗಳಲ್ಲಿ ನಡುವಿನ ಸಂದಿಯಿಂದ ಹಿಂದಕ್ಕೆ ನುಸುಳಬಹುದು, ಆದರೆ ಸೀರೆ ಉಟ್ಟ ಎಪ್ಪತ್ತರ ಅಜ್ಜಿಗೆ ಅದು ಸಲೀಸಲ್ಲ. ಅಲ್ಲಿ ಅಮ್ಮ ಹಿಂದೆ ಹೋಗಿ, ಅಜ್ಜಿ ಮುಂದೆ ಕೂರುವುದೇ ಸರಿ. ನನ್ನ ಅಭಿಪ್ರಾಯದಲ್ಲಿ, ವರ್ಷಕ್ಕೆ ನಾಲ್ಕು ಬಾರಿ ಊರಿಗೆ ಹೋಗುವ ಐವರ ಕುಟುಂಬಕ್ಕೆ ಸಪಾಟಾದ ಅಗಲ ಬೆಂಚಿರುವ ಎರಡು ಸಾಲಿನ ಕಾರು ಸಾಕು. ದಿನವೂ ಆರು ಮಂದಿ ಓಡಾಡುವವರು ಮಾತ್ರ ಕ್ಯಾಪ್ಟನ್ ಸೀಟಿನ ಮೂರು ಸಾಲು ಹುಡುಕಲಿ. ಸಿಎನ್‌ಜಿ ಕಾರಾದರೆ ಸಿಲಿಂಡರ್ ಇಟ್ಟ ಮೇಲೆ ಡಿಕ್ಕಿಯಲ್ಲಿ ಕೂಸಿನ ತಳ್ಳುಗಾಡಿ ಹಿಡಿಸುವುದೇ ಎಂಬುದನ್ನೂ ಇಟ್ಟೇ ನೋಡಬೇಕು.

ಬೆಲ್ಟ್ ಹೇಳುವ ಕಥೆ

ಹಿಂದಿನ ಸೀಟಿನಲ್ಲಿ ಕೂತಿರುವಾಗಲೇ ಪ್ರತಿ ಬೆಲ್ಟನ್ನೂ ಕೊನೆಯವರೆಗೆ ಎಳೆಯಿರಿ. ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರ್‌ನ ಮಳೆಗೆ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಬಡಾವಣೆಗಳ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದನ್ನು ನೋಡಿದ್ದೇವೆ. ಹಾಗೆ ನೀರು ಕುಡಿದ ಕಾರನ್ನು ತೊಳೆದು ಪಾಲಿಶ್ ಮಾಡಿ, ಸುಗಂಧ ಹೊಡೆದು ನಿಲ್ಲಿಸಿದರೆ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಆದರೆ ಸುರುಳಿಯ ಒಳಗಿದ್ದ ಬೆಲ್ಟಿನ ಕೊನೆಯ ಭಾಗವನ್ನು ಯಾರೂ ಅಷ್ಟು ಶ್ರದ್ಧೆಯಿಂದ ತೊಳೆಯುವುದಿಲ್ಲ. ಅಲ್ಲಿ ಮಣ್ಣಿನ ಬಣ್ಣದ ಗೆರೆ, ಗರಿಗರಿಯಾದ ನೂಲು ಕಂಡರೆ ಆ ಕಾರನ್ನು ಬಿಟ್ಟು ಮುಂದೆ ಹೋಗಿ. ಸೀಟಿನ ಹಳಿಯ ಬೋಲ್ಟುಗಳ ತುಕ್ಕು, ಕಾರ್ಪೆಟ್ ಅಡಿಯ ತೇವದ ವಾಸನೆ ಅದಕ್ಕೆ ಪೂರಕ ಸಾಕ್ಷಿ. ಬೆಲ್ಟನ್ನು ಥಟ್ಟನೆ ಎಳೆದಾಗ ಅದು ಕಚ್ಚಿ ನಿಲ್ಲಬೇಕು, ಬಿಟ್ಟಾಗ ತಾನೇ ಸುತ್ತಿಕೊಳ್ಳಬೇಕು.

ಕೀ ತಿರುಗಿಸಿದಾಗ ಏರ್‌ಬ್ಯಾಗ್‌ನ ದೀಪ ಒಮ್ಮೆ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಆರದೆ ಉಳಿದರೆ ದೋಷವಿದೆ ಎಂದರ್ಥ; ಹೊತ್ತುವುದೇ ಇಲ್ಲವಾದರೆ ಇನ್ನೂ ಅನುಮಾನಪಡಬೇಕು, ಏಕೆಂದರೆ ಅಪಘಾತದಲ್ಲಿ ಸಿಡಿದ ಏರ್‌ಬ್ಯಾಗನ್ನು ಬದಲಿಸದೆ ದೀಪವನ್ನೇ ಕಿತ್ತಿರುವ ಸಾಧ್ಯತೆ ಇದೆ. ಎಂಜಿನ್, ಕ್ಲಚ್, ಸಸ್ಪೆನ್ಷನ್ ಪರೀಕ್ಷೆಯನ್ನು ನಿಮಗೆ ಗೊತ್ತಿರುವ ಮೆಕ್ಯಾನಿಕ್‌ಗೆ ಬಿಡಿ, ಮಾರುವವರು ಕರೆತಂದವರಿಗೆ ಬೇಡ.

ಕಾಗದಪತ್ರ

ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಂದಣಿ ಸಂಖ್ಯೆ ಹಾಕಿ ಮಾಲೀಕರ ಕ್ರಮಸಂಖ್ಯೆ, ವಿಮೆ, ಸಾಲದ ಗುರುತು ನೋಡಿ. ಬ್ಯಾಂಕಿನ ಸಾಲ ಇನ್ನೂ ಆರ್‌ಸಿಯಲ್ಲಿ ಇದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ಗುರುತು ತೆಗೆಸುವ ನಮೂನೆ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಬಾಕಿ ಟ್ರಾಫಿಕ್ ದಂಡವನ್ನು ಹಿಂದಿನ ಮಾಲೀಕರೇ ಕಟ್ಟಲಿ. ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30 ಬೇಕು. ಒಂದೇ ರಾಜ್ಯದೊಳಗೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಬೇರೆ ರಾಜ್ಯದ ನಂಬರಿನ ಕಾರು ಅಗ್ಗವಾಗಿ ಕಂಡರೂ ಮೂಲ ಆರ್‌ಟಿಒದ ಎನ್‌ಒಸಿ, ಇಲ್ಲಿನ ತೆರಿಗೆ, ಮರುನೋಂದಣಿ ಸೇರಿದರೆ ಆ ಅಗ್ಗ ಉಳಿಯುವುದು ಅಪರೂಪ. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ. ಹಿಂದಿನ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಕೇಳದ ವರ್ಷಗಳಿಗೆ ವಿಮೆಯಲ್ಲಿ ಸಿಗುವ ರಿಯಾಯಿತಿ, ನಿಮಗೆ ಬರುವುದಿಲ್ಲ ಎಂಬುದನ್ನು ಬೆಲೆಯ ಲೆಕ್ಕದಲ್ಲಿ ಸೇರಿಸಿ.

ಕಾರು ಮನೆಗೆ ತರುವ ದಿನ

ಕವರ್ ತೆಗೆಸಿ, ಎರಡೂ ಸೀಟು ಕಟ್ಟಿದ ಮೇಲೆಯೇ ಮಕ್ಕಳನ್ನು ಕಾರಿಗೆ ಹತ್ತಿಸಿ. ಹಿಮ್ಮುಖ ಸೀಟಿನ ಹೆಗಲ ಪಟ್ಟಿ ಮಗುವಿನ ಹೆಗಲ ಮಟ್ಟದಲ್ಲಿ ಅಥವಾ ತುಸು ಕೆಳಗಿಂದ, ಮುಮ್ಮುಖ ಸೀಟಿನದು ಹೆಗಲ ಮಟ್ಟದಿಂದ ಅಥವಾ ತುಸು ಮೇಲಿನಿಂದ ಬರಬೇಕು. ಹೆಗಲ ಬಳಿ ಪಟ್ಟಿಯನ್ನು ಚಿವುಟಿದರೆ ಬೆರಳಿಗೆ ಮಡಿಕೆ ಸಿಗಬಾರದು. ಹಿಂದಿನ ಬಾಗಿಲುಗಳ ಚೈಲ್ಡ್ ಲಾಕ್ ಹಾಕಿ, ಬಿಸಿಲಲ್ಲಿ ನಿಂತಿದ್ದ ಕಾರಾದರೆ ಬಕಲ್‌ನ ಲೋಹ ಮುಟ್ಟಿ ನೋಡಿ. ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ಒಮ್ಮೆ ನಿಲ್ಲಿಸಿ, ಎರಡೂ ಸೀಟನ್ನು ಮತ್ತೆ ಅಲುಗಾಡಿಸಿ ನೋಡಿ, ಸಡಿಲವಾಗಿದ್ದರೆ ಅಲ್ಲಿಯೇ ಬಿಗಿಮಾಡಿ.