ಲಂಡನ್ನಿನ ಚಳಿಗಾಲಕ್ಕೆ ಹಿತಕಿದ ಬೇಳೆ ಸಾರು

ಹೊಸದಾಗಿ ಬಂದವರು ಬ್ಯಾಂಕ್ ಖಾತೆ, ಜಿಪಿ (ಬಡಾವಣೆಯ ಡಾಕ್ಟರು) ನೋಂದಣಿ, ಕೌನ್ಸಿಲ್ ಟ್ಯಾಕ್ಸ್ ಇವನ್ನೆಲ್ಲ ಬೇಗ ಮುಗಿಸಿಕೊಳ್ಳಿ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕಿರುವುದು ಡಿಸೆಂಬರ್ ಬಗ್ಗೆ. ಇಲ್ಲಿ ಸಂಜೆ 4 ಗಂಟೆಗೆಲ್ಲ ಕತ್ತಲಾಗತೊಡಗುತ್ತದೆ. ಊರಲ್ಲಿ ಅವರೆಕಾಯಿ ಕಾಲ. ಮನೆಯವರು ಫೋನಿನಲ್ಲಿ ಅವರೆಯ ಸೊಗಡಿನ ಮಾತು ತೆಗೆದರೆ ಸಂಕಟವಾಗುತ್ತದೆ, ಅಲ್ವಾ?

ನಮ್ಮದು ಕೋಲಾರದ ಕಡೆ. ಮೊದಲ ಚಳಿಗಾಲದಲ್ಲಿ ವೆಂಬ್ಲಿಯ ಈಲಿಂಗ್ ರೋಡಿಗೆ ಹೋಗಿ, ಫ್ರೀಜರಿನಲ್ಲಿ ‘ಲಿಲ್ವಾ’ ಅಂತ ಬರೆದಿದ್ದ ಪೊಟ್ಟಣ ತಂದೆ. ನೆನೆಸಿದ ಕಾಳಿನ ಸಿಪ್ಪೆ ಹಿತುಕಿ ತೆಗೆಯಲು ಕೂತಾಗ ಗೊತ್ತಾಯಿತು, ಅದು ತೊಗರಿಕಾಳು. ಗುಜರಾತಿ ಅಂಗಡಿಗಳಲ್ಲಿ ‘ತುವರ್ ಲಿಲ್ವಾ’ ಅಂದರೆ ತೊಗರಿ. ನೀವು ಕೇಳಬೇಕಾದ್ದು ‘ಪಾಪ್ಡಿ ಲಿಲ್ವಾ’. ಅದೇ ನಮ್ಮ ಅವರೆಕಾಳು.

ಮುಂದಿನ ವಾರ ಸರಿಯಾದ ಕಾಳು ತಂದು ಇನ್ನೊಂದು ತಪ್ಪು ಮಾಡಿದೆ. ಅವಸರದಲ್ಲಿ ಬೇಳೆ, ಮಸಾಲೆ, ಹುಣಸೆ ರಸ ಎಲ್ಲ ಒಟ್ಟಿಗೇ ಕುಕ್ಕರಿಗೆ ಹಾಕಿಬಿಟ್ಟೆ. ಎಷ್ಟು ಕೂಗಿಸಿದರೂ ಬೇಳೆ ಮೆತ್ತಗಾಗಲಿಲ್ಲ. ಅಮ್ಮನಿಗೆ ಫೋನ್ ಮಾಡಿದರೆ ಕೇಳಿದ್ದು ಒಂದೇ ಮಾತು: “ಹುಳಿ ಮೊದಲೇ ಹಾಕಿದ್ಯೇನೇ?” ಹುಳಿ ಬಿದ್ದರೆ ಕಾಳು ಬೇಗ ಬೇಯುವುದಿಲ್ಲ. ಜೊತೆಗೆ ಲಂಡನ್ನಿನ ನಲ್ಲಿ ನೀರು ಗಡಸು. ಕೆಟಲ್ ಒಳಗೆ ಕಟ್ಟುವ ಬಿಳಿ ಪೊರೆ ನೋಡಿದ್ದೀರಲ್ಲ, ಅದೇ ಸುಣ್ಣ ಕಾಳನ್ನೂ ಮೆತ್ತಗಾಗಲು ಬಿಡುವುದಿಲ್ಲ. ಫಿಲ್ಟರ್ ನೀರಿನಲ್ಲಿ ಬೇಯಿಸಿ. ಹುಳಿ ಕೊನೆಗೆ ಹಾಕಿ.

2 ಬಟ್ಟಲು ಬೇಳೆಗೆ 2 ಚಮಚ ಧನಿಯ, 6 ಬ್ಯಾಡಗಿ ಮೆಣಸಿನಕಾಯಿ, 1 ಚಮಚ ಗಸಗಸೆ, ಚಕ್ಕೆ, 3 ಲವಂಗ ಹುರಿಯಿರಿ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಬಾಡಿಸಿ. ಅರ್ಧ ಬಟ್ಟಲು ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ. ಬೇಳೆ ಬೆಂದ ಮೇಲೆ ಮಸಾಲೆ ಹಾಕಿ ಚೆನ್ನಾಗಿ ಕುದಿಸಿ. ಮುದ್ದೆ ಇದ್ದರೆ ಬೇರೇನೂ ಬೇಡ. ಬ್ಯಾಡಗಿ ಸಿಗದಿದ್ದರೆ ಕಾಶ್ಮೀರಿ ಮೆಣಸಿನಕಾಯಿ ನಡೆಯುತ್ತದೆ.

ಸೊಗಡು ಮಾತ್ರ ಪೊಟ್ಟಣದಲ್ಲಿ ಬರುವುದಿಲ್ಲ. ಅದು ಕಾಯಿಯ ಮೇಲಿನ ಜಿಡ್ಡಿನದು, ಸುಲಿದ ಮೇಲೂ ಬೆರಳಲ್ಲಿ ಉಳಿಯುತ್ತಿದ್ದ ವಾಸನೆ. ಅದು ಇಷ್ಟು ವರ್ಷವಾದರೂ ನೆನಪಾಗುತ್ತದೆ.

ನನ್ನ ದೊಡ್ಡ ತಪ್ಪು ಅಡುಗೆಯದಲ್ಲ. ಮಗಳು ಚಿಕ್ಕವಳಿದ್ದಾಗ, ಪಾಪ ಹೋಂವರ್ಕ್ ಇದೆ ಅಂತ, ಅವಳು ಮಲಗಿದ ಮೇಲೆ ಒಬ್ಬಳೇ ಕೂತು ಹಿತುಕುತ್ತಿದ್ದೆ. ಊರಲ್ಲಿ ನಾವೆಲ್ಲ ಅಜ್ಜಿಯ ಸುತ್ತ ಕೂರುತ್ತಿದ್ದೆವು. ಯಾರ ಮದುವೆ, ಯಾರ ಜಗಳ, ಯಾವ ಗಾದೆ, ಎಲ್ಲ ಆ ಪಾತ್ರೆಯ ಸುತ್ತಲೇ ಕೇಳಿದ್ದು. ಮಗಳಿಗೆ ಅದು ಸಿಗಲಿಲ್ಲ. ಈಗ ಸಾರನ್ನು ಇಷ್ಟಪಟ್ಟು ತಿನ್ನುತ್ತಾಳೆ. ಕನ್ನಡದಲ್ಲಿ ಮಾತಾಡಿಸಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ.

ಮಗನಿಗೆ 5 ವರ್ಷಕ್ಕೇ ಬಟ್ಟಲು ಕೊಟ್ಟೆ. ಬೇಳೆ ಚಿಮ್ಮಿ ಸೋಫಾ ಕೆಳಗೆ ಹೋಗುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತದೆ. ಹಿಡಿಯಲಿ. ಶನಿವಾರ ಕಾಳನ್ನು ಬಿಸಿನೀರಿಗೆ ಹಾಕಿ, ಟಿವಿ ಆರಿಸಿ, ನಡುವೆ ದೊಡ್ಡ ಪಾತ್ರೆ ಇಟ್ಟು ಮಕ್ಕಳನ್ನೂ ಕೂರಿಸಿಕೊಳ್ಳಿ.