ಗಂಡು ಗೆಂಡೆಯ ರಕ್ತದಲ್ಲಿ ಮೊಟ್ಟೆಯ ಪ್ರೋಟೀನು: ಫಾಸ್ಫೇಟ್ ವಿಧಾನ ಕೈಗೂಡಿದ ಬಗೆ

ಎಲೈಸಾ ಕಿಟ್ (ಪ್ರತಿಕಾಯ ಬಳಸಿ ಪ್ರೋಟೀನು ಅಳೆಯುವ ಸಿದ್ಧ ಸಾಮಗ್ರಿ) ಇಲ್ಲದೆ, ಪ್ಲಾಸ್ಮಾದ, ಅಂದರೆ ರಕ್ತದ ದ್ರವಭಾಗದ, ಪ್ರೋಟೀನಿನಿಂದ ಕ್ಷಾರದಲ್ಲಿ ಕಳಚಿಕೊಳ್ಳುವ ಫಾಸ್ಫೇಟನ್ನಷ್ಟೇ ಅಳೆದು ಗಂಡು ಗೆಂಡೆ ಮೀನಿನಲ್ಲಿ ವಿಟೆಲ್ಲೊಜೆನಿನ್ ಏರಿದೆಯೇ ಎಂದು ಹೇಳಬಲ್ಲೆನೆಂದಾಗ ಜೊತೆಯವರು ನಂಬಲಿಲ್ಲ. ವಿಟೆಲ್ಲೊಜೆನಿನ್ ಎಂದರೆ ಮೊಟ್ಟೆಯ ಹಳದಿಗಾಗಿ ಹೆಣ್ಣು ಮೀನು ತಯಾರಿಸುವ, ಫಾಸ್ಫೇಟ್ ತುಂಬಿದ ಪ್ರೋಟೀನು; ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನು ನೀರಿನಲ್ಲಿದ್ದರೆ ಗಂಡಿನಲ್ಲೂ ಏರುತ್ತದೆ. ಅಷ್ಟು ಒರಟು ವಿಧಾನದಿಂದ ಮೊಟ್ಟೆ ತುಂಬಿದ ಹೆಣ್ಣನ್ನು ಗುರುತಿಸಬಹುದೇ ಹೊರತು ನೀರಿನಲ್ಲಿರುವ ಈಸ್ಟ್ರೊಜೆನನ್ನಲ್ಲ ಎಂಬುದು ಅವರ ವಾದ. ನನಗಾದರೋ ಬೇರೆ ದಾರಿ ಉಳಿದಿರಲಿಲ್ಲ. ಮೊದಲ ವರ್ಷದ ಅನುದಾನದ ಸುಮಾರು ಅರ್ಧ ಭಾಗ ಎರಡು ಕಿಟ್‌ಗಳಿಗೆ ಹೋಗಿತ್ತು. ಟ್ರೌಟ್ ಮೀನಿಗೆಂದು ತಯಾರಾದ ಆ ಪ್ರತಿಕಾಯ ಗೆಂಡೆಯ ಪ್ರೋಟೀನನ್ನು ಹಿಡಿಯಲೇ ಇಲ್ಲ.

ಮೊದಲ ಎರಡು ಹಂಗಾಮುಗಳು ವ್ಯರ್ಥವಾದವು. ಶುದ್ಧ ನೀರಿನ ತೊಟ್ಟಿಯ ಗಂಡುಗಳಲ್ಲೂ ಕೊಳಚೆ ಶುದ್ಧೀಕರಣ ಘಟಕದ ಕೆಳಗೆ ಪಂಜರದಲ್ಲಿಟ್ಟ ಗಂಡುಗಳಲ್ಲೂ ಒಂದೇ ಮಟ್ಟದ ಅಳತೆ ಬರುತ್ತಿತ್ತು. ಪ್ಲಾಸ್ಮಾದಿಂದ ಪ್ರೋಟೀನನ್ನು ಗಸಿಯಾಗಿ ಇಳಿಸುವ ಅಸಿಟೋನನ್ನು ಶಂಕಿಸಿ ಬದಲಾಯಿಸಿದೆ, ಸೆಂಟ್ರಿಫ್ಯೂಜಿನ ವೇಗವನ್ನೂ ಬದಲಾಯಿಸಿದೆ. ಕೊನೆಗೊಂದು ಸಂಜೆ ಬರೀ ಭಟ್ಟಿ ಇಳಿಸಿದ ನೀರಿದ್ದ ಬ್ಲಾಂಕ್ ನಳಿಕೆಯೇ ಫಾಸ್ಫೇಟ್ ಇದ್ದರೆ ನೀಲಿ ಬಣ್ಣ ತರುವ ಮಾಲಿಬ್ಡೇಟ್ ಬೆರೆಸಿದಾಗ ತಿಳಿನೀಲಿಯಾಗಿ ನಿಂತಿತು. ಗಾಜಿನ ಸಾಮಾನು ತೊಳೆಯುತ್ತಿದ್ದ ಮಾರ್ಜಕದಲ್ಲೇ ಫಾಸ್ಫೇಟ್ ಇತ್ತು! ಅಂದಿನಿಂದ ನಳಿಕೆಗಳನ್ನೆಲ್ಲ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ, ಈ ಕೆಲಸಕ್ಕೆಂದೇ ಬೇರೆ ಇಟ್ಟಿದ್ದೇನೆ.

ಆಮೇಲೂ ತೊಟ್ಟಿಯ ಒಂದು 'ಗಂಡು' ವಿಪರೀತ ಅಳತೆ ಕೊಡುತ್ತಿತ್ತು. ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಎಳೆಯ ಹೆಣ್ಣು. ಹೊರನೋಟ ನಂಬಿ ಲಿಂಗ ನಿರ್ಧರಿಸುವುದನ್ನು ಆಗಲೇ ಬಿಟ್ಟೆ. ಈಗ ಪ್ರತಿ ಮೀನಿನ ಜನನಗ್ರಂಥಿಯನ್ನೂ ಪರೀಕ್ಷಿಸದೆ ಅಂಕಿಯನ್ನು ಲೆಕ್ಕಕ್ಕೆ ಸೇರಿಸುವುದಿಲ್ಲ. ರಕ್ತ ತೆಗೆಯುವ ಸಿರಿಂಜಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಜೊತೆಗೆ, ಪ್ರೋಟೀನು ಒಡೆಯದಂತೆ ಕಾಯುವ ಅಪ್ರೊಟಿನಿನ್ ಮೊದಲೇ ಇರಬೇಕು. ಪ್ಲಾಸ್ಮಾವನ್ನು ಸಣ್ಣ ಪಾಲುಗಳಾಗಿ ಹೆಪ್ಪುಗಟ್ಟಿಸಿ, ಒಂದು ಪಾಲನ್ನು ಒಮ್ಮೆ ಮಾತ್ರ ಕರಗಿಸುತ್ತೇನೆ. ಅಸಿಟೋನಿನ ಪ್ರಮಾಣ ಶೇಕಡ 35ರ ಆಸುಪಾಸು ಎಂಬುದು ಎಲ್ಲರಿಗೂ ತಿಳಿದದ್ದೇ; ನಾನು ಕಡೆಗೆ ನೆಚ್ಚಿಕೊಂಡ ಅಂಕಿ ಮತ್ತು ಗಸಿಯನ್ನು ತೊಳೆಯುವ ಕ್ರಮ ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಪ್ಲಾಸ್ಮಾದ ಒಟ್ಟು ಕ್ಯಾಲ್ಸಿಯಂ ಅಳೆದೂ ನೋಡಿದೆ, ಏಕೆಂದರೆ ವಿಟೆಲ್ಲೊಜೆನಿನ್ ಕ್ಯಾಲ್ಸಿಯಮನ್ನು ಹಿಡಿದುಕೊಳ್ಳುತ್ತದೆ. ಎಣ್ಣೆಯಲ್ಲಿ ಎಸ್ಟ್ರಡಯಾಲ್ (ಒಂದು ಈಸ್ಟ್ರೊಜೆನ್) ಬೆರೆಸಿ ಚುಚ್ಚಿದ ಮೀನುಗಳಲ್ಲಿ ಅದು ಚೆನ್ನಾಗಿ ಏರಿತು, ಪಂಜರದ ಮೀನುಗಳಲ್ಲಿ ಏನೂ ಸ್ಪಷ್ಟವಾಗಲಿಲ್ಲ. ಮೈಮೇಲಿನ ಲೋಳೆಯಿಂದಲೂ ಯತ್ನಿಸಿ ಕೈಬಿಟ್ಟೆ.

ಮೂರನೆಯ ಹಂಗಾಮಿನಲ್ಲಿ, 3 ವಾರ ಪಂಜರದಲ್ಲಿದ್ದ ಗಂಡುಗಳ ಅಳತೆ ಘಟಕದ ಮೇಲ್ಹರಿವಿನ ಗಂಡುಗಳದಕ್ಕಿಂತ ಹೆಚ್ಚುಕಡಿಮೆ 4ರಿಂದ 5 ಪಟ್ಟು ಬಂದಿತು. ಅವೇ ಪ್ಲಾಸ್ಮಾಗಳಲ್ಲಿ ಹತ್ತು ಹನ್ನೆರಡನ್ನು ಗೆಂಡೆಯದೇ ಪ್ರತಿಕಾಯವಿದ್ದ ಬೇರೊಂದು ಪ್ರಯೋಗಾಲಯಕ್ಕೆ, ಯಾವುದು ಎಲ್ಲಿಯದೆಂದು ತಿಳಿಸದೆ ಕಳುಹಿಸಿದೆ. ಅವರ ಎಲೈಸಾ ಕೊಟ್ಟ ಏರಿಳಿತದ ಕ್ರಮವೂ ನನ್ನದೂ ಒಂದೇ ಆಗಿತ್ತು. ಒಂದು ಮಾದರಿಗೆ ನನಗೆ ತಗಲಿದ ವೆಚ್ಚ ಕಿಟ್‌ನ ಹತ್ತನೆಯ ಒಂದು ಭಾಗವನ್ನೂ ಮುಟ್ಟಲಿಲ್ಲ. ತೀರಾ ಸಣ್ಣ ಏರಿಕೆ ಈ ವಿಧಾನಕ್ಕೆ ಸಿಕ್ಕುವುದಿಲ್ಲವೆಂಬುದು ನಿಜ. ಇನ್ನೊಂದು ಸಂಗತಿ: ಅದೇ ತಂಡದ ಕೆಲವು ಮೀನುಗಳನ್ನು ಶುದ್ಧ ನೀರಿಗೆ ಹಾಕಿದ ಎರಡು ವಾರಗಳ ಬಳಿಕವೂ ಅಳತೆ ಪೂರ್ತಿ ಇಳಿದಿರಲಿಲ್ಲವಾದ್ದರಿಂದ, ಮೀನುಗಳಲ್ಲಿ ಮೊದಲೇ ಏರಿಕೆ ಇತ್ತೇ ಎಂದು ತಿಳಿಯಲು ಈಗ ಪಂಜರವನ್ನು ನೀರಿಗಿಳಿಸುವ ದಿನವೇ ಪ್ರತಿ ತಂಡದಿಂದ ಐದಾರು ಗಂಡುಗಳ ರಕ್ತವನ್ನು ತೆಗೆದಿಡುತ್ತೇನೆ.