ಗೋಫರ್ ಹಿಡಿದು ಪಾಠ ಮಾಡಿದ್ದು: ನನ್ನ ಅನುಭವ

ಫಂಕ್ಷನಲ್ ಪ್ರೋಗ್ರಾಮಿಂಗ್ (ಫಂಕ್ಷನ್‌ಗಳನ್ನು ಜೋಡಿಸಿ ಪ್ರೋಗ್ರಾಮ್ ಕಟ್ಟುವ ಬಗೆ) ಕಲಿಸಲು 1991ರ ಗೋಫರ್ ಎಂಬ ಪುಟ್ಟ ಭಾಷೆ ಸಾಕು ಎಂದಾಗ ಬಸವನಗುಡಿಯ ನನ್ನ ಗೆಳೆಯರಲ್ಲಿ ಯಾರೂ ನಂಬಲಿಲ್ಲ. ‘ಅದನ್ನು ಮ್ಯೂಸಿಯಂಗೆ ಕೊಟ್ಟು ಪೈಥಾನ್ ಹೇಳಿಕೊಡಿ ಸಾರ್’ ಎಂದರು. ಈಗ ಸಂಜೆ ತರಗತಿಯ ಮೂರನೆಯ ತಂಡ ಮುಗಿದಿದೆ. ಹದಿನಾಲ್ಕು ಮಂದಿಯಲ್ಲಿ ಹನ್ನೊಂದು ಜನ ರಿಕರ್ಶನ್ (ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವುದು) ಅನ್ನು ತಡವರಿಸದೆ ಬರೆಯುತ್ತಾರೆ.

ಮೊದಲ ವರ್ಷ ಸೋತೆ. ಎಸ್.ಪಿ. ರಸ್ತೆಯಿಂದ ಆರು ಹಳೆಯ ಲ್ಯಾಪ್‌ಟಾಪ್ ತಂದೆ, ಒಂದಕ್ಕೆ ನಾಲ್ಕು ಸಾವಿರದಷ್ಟು. ಎರಡರ ಬ್ಯಾಟರಿ ವಾರದಲ್ಲೇ ಉಬ್ಬಿತು. ಉಳಿದವುಗಳ ಡಿಸ್ಕನ್ನು ಗೋಫರ್‌ನ ಹತ್ತಿರದ ಭಾಷೆಯಾದ ಹ್ಯಾಸ್ಕೆಲ್‌ನ ಈಗಿನ ಕಂಪೈಲರ್ ನುಂಗಿ ಹಾಕಿತು. ಅಂಕಿಗೆ ಅಕ್ಷರ ಕೂಡಿಸಿದರೆ ‘Num ಕ್ಲಾಸ್‌ಗೆ ಇನ್‌ಸ್ಟನ್ಸ್ ಇಲ್ಲ’ ಎನ್ನುತ್ತಿತ್ತು. ಟೈಪ್ ಕ್ಲಾಸ್ (ಒಂದೇ ಚಿಹ್ನೆ ಹಲವು ಬಗೆಯ ಮೌಲ್ಯಗಳಿಗೆ ಕೆಲಸ ಮಾಡುವಂತೆ ಮಾಡುವ ಏರ್ಪಾಡು) ಹೆಸರನ್ನೇ ಕೇಳದವರಿಗೆ ಏನೆಂದು ವಿವರಿಸಲಿ? ಅರ್ಧ ತರಗತಿ ಖಾಲಿಯಾಯಿತು. ಶುಲ್ಕ ಹಿಂದಿರುಗಿಸಿ, ಎಲ್ಲ ಸೇರಿ ನಲವತ್ತು ಸಾವಿರ ಕಳೆದುಕೊಂಡೆ.

ಉಳಿದ ನಾಲ್ಕಕ್ಕೆ ಫ್ರೀಡಾಸ್ ಎಂಬ ಹಗುರ ಆಪರೇಟಿಂಗ್ ಸಿಸ್ಟಮ್ ಹಾಕಿ, ಆಕ್ಸ್‌ಫರ್ಡ್‌ನಲ್ಲಿ ಮಾರ್ಕ್ ಜೋನ್ಸ್ ಬರೆದ ಗೋಫರ್ ಕೂರಿಸಿದೆ. ಅದರ ಮೂಲ ಫಂಕ್ಷನ್‌ಗಳ ಕಡತವಾದ ಪ್ರೆಲ್ಯೂಡ್‌ನಿಂದ ಟೈಪ್ ಕ್ಲಾಸ್‌ಗಳನ್ನೆಲ್ಲ ಕಿತ್ತು, ಕೂಡುವ ಕಳೆಯುವ ಚಿಹ್ನೆಗಳನ್ನು ನೇರವಾಗಿ ಇಂಟ್‌ನ (ಪೂರ್ಣಾಂಕದ) ಪ್ರಿಮಿಟಿವ್‌ಗಳಿಗೆ, ಅಂದರೆ ಒಳಗೇ ಇರುವ ಕ್ರಿಯೆಗಳಿಗೆ ಕಟ್ಟಿದೆ. ಇದು ಇಂಟ್, ಅದು ಚಾರ್ (ಅಕ್ಷರ), ಹೊಂದುವುದಿಲ್ಲ. ತಪ್ಪಿನ ಸಂದೇಶ ಅಷ್ಟಕ್ಕೆ ಇಳಿಯಿತು. ಎಲ್ಲ ಬಗೆಯ ಮೌಲ್ಯಗಳಿಗೂ ಬೇಕಾದ ಹೋಲಿಕೆಯ ಚಿಹ್ನೆಯನ್ನು ಹೇಗೆ ಉಳಿಸಿಕೊಂಡೆ ಎಂಬುದನ್ನು ಮಾತ್ರ ಬರೆಯುವುದಿಲ್ಲ, ಅದಕ್ಕೆ ನನ್ನ ಎರಡು ತಿಂಗಳು ಸಂದಿವೆ.

ನಡುವೆ ಫಂಕ್ಷನ್ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಬರೆಸಲು ಹೊರಟು ಹದಿನೈದು ದಿನ ಲೆಕ್ಸರ್ (ಕೋಡನ್ನು ಪದಗಳಾಗಿ ಬಿಡಿಸುವ ಭಾಗ) ಜೊತೆ ಗುದ್ದಾಡಿದೆ. ಆಗಲಿಲ್ಲ. ಈಗ ‘ತಿರುಗಿಸು’, ‘ಜೋಡಿಸು’ ಎಂಬ ಹೆಸರುಗಳನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತೇವೆ. ಅದೂ ಬಹಳ ಉಪಯೋಗಕ್ಕೆ ಬಂತು.

ನಿಜವಾಗಿ ಪಾಠ ಮಾಡಿದ್ದು ಉತ್ತರದ ಕೆಳಗೆ ಗೋಫರ್ ಆವರಣ ಚಿಹ್ನೆಯೊಳಗೆ ತೋರಿಸುವ ಸಾಲು: ಎಷ್ಟು ರಿಡಕ್ಷನ್ (ಲೆಕ್ಕದ ಹೆಜ್ಜೆ), ಎಷ್ಟು ಸೆಲ್ (ಬಳಸಿದ ಮೆಮೊರಿಯ ತುಣುಕು). ನೂರು ಅಂಶಗಳ ಪಟ್ಟಿಯನ್ನು ಪ್ಲಸ್ ಪ್ಲಸ್ (ಎರಡು ಪಟ್ಟಿ ಜೋಡಿಸುವ ಚಿಹ್ನೆ) ಬಳಸಿ ತಿರುಗಿಸಿದರೆ ರಿಡಕ್ಷನ್ ಐದು ಸಾವಿರ ದಾಟುತ್ತದೆ. ಏಕೆಂದು ನಾನು ಹೇಳಲಿಲ್ಲ, ನಾಲ್ಕು ಅಂಶಗಳ ಪಟ್ಟಿಯನ್ನು ಕೈಯಲ್ಲೇ ಬಿಡಿಸಲು ಹೇಳಿದೆ. ಒಬ್ಬ ಹುಡುಗಿ ನೋಟ್‌ಬುಕ್‌ನಲ್ಲಿ ಸಾಲಿನ ಕೆಳಗೆ ಸಾಲು ಬರೆಯುತ್ತಾ ಹೋಗಿ ಪೆನ್ ನಿಲ್ಲಿಸಿದಳು. ‘ಸಾರ್, ಇದು ಪ್ರತಿ ಸಲವೂ ಮೊದಲಿನಿಂದ ನಡೆದು ಹೋಗುತ್ತಿದೆ.’ ಯಾರನ್ನೂ ಕೇಳದೆಯೇ, ಈವರೆಗೆ ತಿರುಗಿಸಿದ ಭಾಗವನ್ನು ಹೊತ್ತೊಯ್ಯಲು ಫಂಕ್ಷನ್‌ಗೆ ಇನ್ನೊಂದು ಆರ್ಗ್ಯುಮೆಂಟ್ ಸೇರಿಸಿ ಮತ್ತೆ ಓಡಿಸಿದಳು. ಸಾವಿರದ ಆಸುಪಾಸಿಗೆ ಇಳಿಯಿತು. ಉಳಿದವರೆಲ್ಲ ಅವಳ ಪರದೆಯ ಸುತ್ತ ಬಂದು ನಿಂತರು.